ಒಸಾಕಾದ ಕೋಟೆಗೆ ಲಿಫ್ಟ್ ಇದೆ, ಮತ್ಸುಎಗೆ ಇಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜಪಾನಿನ ಕೋಟೆಗಳ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆವು. ಚಿತ್ರಗಳು ಚೆನ್ನಾಗಿದ್ದವು. ಆದರೆ ಒಸಾಕಾ, ನಗೋಯಾ, ಹಿಮೇಜಿ ಮೂರನ್ನೂ ಒಂದೇ ಉಸಿರಿನಲ್ಲಿ ‘ನಾನ್ನೂರು ವರ್ಷ ಹಳೆಯ ಕೋಟೆಗಳು’ ಎಂದು ಬರೆದದ್ದು ತಪ್ಪು. ಒಸಾಕಾದಲ್ಲಿ ಈಗ ನಿಂತಿರುವ ಕಟ್ಟಡ 1931ರಲ್ಲಿ ಕಾಂಕ್ರೀಟಿನಲ್ಲಿ ಎಬ್ಬಿಸಿದ್ದು. ಹಿಂದಿನದು 1665ರಲ್ಲಿ ಸಿಡಿಲು ಬಡಿದು ಸುಟ್ಟುಹೋಗಿತ್ತು. ನಗೋಯಾದ್ದು 1945ರ ಬಾಂಬಿಗೆ ಸುಟ್ಟು 1959ರಲ್ಲಿ ಮತ್ತೆ ಕಟ್ಟಿದ್ದು, ಅದೂ ಕಾಂಕ್ರೀಟೇ; 2018ರಲ್ಲಿ ಅದರ ಬಾಗಿಲನ್ನೂ ಮುಚ್ಚಿದರು. ಮೂರರಲ್ಲಿ ಹಿಮೇಜಿ ಒಂದೇ 1609ರ ಮರದ ಕಟ್ಟಡ. ಹಾಗೆಂದು ಒಸಾಕಾಕ್ಕೆ ಹೋಗಬೇಡಿ ಎನ್ನುವುದಿಲ್ಲ. ಅಲ್ಲಿನ ಕಂದಕವೂ ಕಲ್ಲುಕಟ್ಟೂ 17ನೇ ಶತಮಾನದ ಅಸಲಿ ಕೆಲಸ. ಮೇಲಿನದು ಲಿಫ್ಟ್ ಇರುವ ವಸ್ತುಸಂಗ್ರಹಾಲಯ ಎಂದು ತಿಳಿದುಕೊಂಡು ಹೋದರೆ ಸಾಕು.

ಗೊಂದಲಕ್ಕೆ ಅರ್ಧ ಕಾರಣ ನಮ್ಮ ‘ಕೋಟೆ’ ಎಂಬ ಶಬ್ದವೇ. ಬೇಕಲವನ್ನು ನೋಡಿದವರಿಗೆ ಕೋಟೆಯೆಂದರೆ ಮುರಕಲ್ಲಿನ ಗೋಡೆ, ಬುರುಜು, ಕಂದಕ. ಒಳಗೆ ಅರಮನೆಯ ಕುರುಹು ಇಲ್ಲದಿದ್ದರೂ ಅದು ಕೋಟೆಯೇ. ಜಪಾನಿನ ಚಿತ್ರಗಳಲ್ಲಿ ಕಾಣುವ, ಮಾಡಿನ ಮೇಲೆ ಮಾಡು ಏರಿಸಿದ ಎತ್ತರದ ಕಟ್ಟಡವನ್ನು ಅಲ್ಲಿನವರು ‘ತೆನ್ಶು’ ಎನ್ನುತ್ತಾರೆ. ಅದು ಕೋಟೆಯ ಒಂದು ಭಾಗ ಮಾತ್ರ. ಸಾಮಾನ್ಯವಾಗಿ ದೊರೆಯೂ ಅದರೊಳಗೆ ವಾಸ ಮಾಡುತ್ತಿರಲಿಲ್ಲ. ಯುದ್ಧ ಬಂದರೆ ಅದು ಕಡೆಯ ಆಸರೆ, ಇಲ್ಲದಿದ್ದರೆ ಉಗ್ರಾಣ. ಅದರ ಸುತ್ತ ಕಲ್ಲುಕಟ್ಟು, ನೀರು ತುಂಬಿದ ಕಂದಕ, ತಿರುವಿನ ಬಾಗಿಲುಗಳು. ಅವುಗಳಾಚೆ, ಯಾರು ಎಲ್ಲಿರಬೇಕು ಎಂದು ಮೊದಲೇ ಗೆರೆ ಎಳೆದು ಹುಟ್ಟಿಸಿದ ಪೇಟೆ. ಆ ಪೇಟೆಗೆ ‘ಜೋಕಮಾಚಿ’ ಎಂದು ಹೆಸರು, ಕೋಟೆಯ ಕೆಳಗಿನ ಊರು ಎಂದರ್ಥ. ತೆನ್ಶು ಹತ್ತಿಳಿದು, ಫೋಟೊ ತೆಗೆದು, ಮುಂದಿನ ರೈಲು ಹಿಡಿಯುವವರಿಗೆ ತಪ್ಪಿಹೋಗುವುದು ಈ ಊರು.

1615ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನದ ಆಡಳಿತ ಒಂದು ಸೀಮೆಗೆ ಒಂದೇ ಕೋಟೆ ಎಂದು ಕಟ್ಟಪ್ಪಣೆ ಮಾಡಿ ಉಳಿದವನ್ನು ಕೆಡವಿಸಿತು. 1873ರಲ್ಲಿ ಆ ಬಳಿಕ ಬಂದ ಮೆಯ್ಜಿ ಚಕ್ರವರ್ತಿಯ ಸರ್ಕಾರ ಹೆಚ್ಚಿನ ಕೋಟೆಗಳು ಬೇಡವೆಂದು ಮಾರಾಟಕ್ಕಿಟ್ಟಿತು. ಬೆಂಕಿಗೆ ಹೋದದ್ದು ಕೆಲವು, 1945ರ ಬಾಂಬಿಗೆ ಹೋದದ್ದು ಮತ್ತೆ ಕೆಲವು. ಹಳೆಯ ತೆನ್ಶು ಉಳಿದಿರುವುದು ಹನ್ನೆರಡೇ ಕಡೆ: ಹಿರೊಸಾಕಿ, ಮತ್ಸುಮೊತೊ, ಮರುಒಕಾ, ಇನುಯಾಮಾ, ಹಿಕೊನೆ, ಹಿಮೇಜಿ, ಮತ್ಸುಎ, ಬಿಚ್ಚು ಮತ್ಸುಯಾಮಾ, ಮರುಗಮೆ, ಮತ್ಸುಯಾಮಾ, ಉವಾಜಿಮಾ, ಕೋಚಿ. ಇವುಗಳಲ್ಲಿ ಐದಕ್ಕೆ ರಾಷ್ಟ್ರೀಯ ನಿಧಿಯ ಮಾನ್ಯತೆ: ಮತ್ಸುಮೊತೊ, ಇನುಯಾಮಾ, ಹಿಕೊನೆ, ಹಿಮೇಜಿ, ಮತ್ಸುಎ. ಮತ್ಸುಮೊತೊ, ಮತ್ಸುಯಾಮಾ, ಮತ್ಸುಎ ಮೂರೂ ಬೇರೆ ಬೇರೆ ಊರುಗಳು, ಒಂದರಿಂದೊಂದು ಬಹಳ ದೂರ. ಹೋಟೆಲ್ ಕಾದಿರಿಸುವಾಗ ಹೆಸರನ್ನು ಎರಡು ಸಲ ಓದಿಕೊಳ್ಳಬೇಕು.

ನಮ್ಮ ಕಡೆಯವರು ಒಂದೇ ಒಂದು ಕೋಟೆಪೇಟೆಗೆ ಹೋಗುವುದಾದರೆ ಮತ್ಸುಎಗೆ ಹೋಗಲಿ ಎಂಬುದು ನಮ್ಮ ಸಲಹೆ. ಶಿಮಾನೆ ಪ್ರಾಂತದ ಈ ಊರು ಶಿಂಜಿ ಸರೋವರದ ದಡದಲ್ಲಿದೆ. ಮಳೆಯ ಊರು. ‘ಬುತ್ತಿ ಮರೆತರೂ ಕೊಡೆ ಮರೆಯಬೇಡ’ ಎಂಬ ಗಾದೆ ಆ ಕಡೆ ಬಳಕೆಯಲ್ಲಿದೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸವಿದೆ: ಜೂನ್–ಜುಲೈ ಮಳೆಯ ಜತೆಗೆ ಡಿಸೆಂಬರಿನಿಂದ ಫೆಬ್ರವರಿಯವರೆಗೂ ಅಲ್ಲಿ ಮೋಡ, ಮಳೆ, ಹಿಮ. ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಕೋಟೆಯೊಳಗಿನ ಚೆರ್ರಿ ಹೂಬಿಡುತ್ತದೆ, ಜನವೂ ಹೆಚ್ಚು. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಹೋಗುವುದು ಒಳ್ಳೆಯದು.

ಒಸಾಕಾದಿಂದ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಓಕಯಾಮಾ ತನಕ ಮುಕ್ಕಾಲು ಗಂಟೆ, ಅಲ್ಲಿಂದ ‘ಯಾಕುಮೊ’ ಎಂಬ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು ಎರಡೂವರೆ ಗಂಟೆ. ಯಾಕುಮೊಗೆ ಎರಡು ಶುಲ್ಕ ಕೊಡಬೇಕು: ಮೂಲ ದರ ಒಂದು, ಎಕ್ಸ್‌ಪ್ರೆಸ್ ದರ ಇನ್ನೊಂದು. 2024ರಿಂದ ಎಲ್ಲ ಸೀಟುಗಳೂ ಮುಂಗಡವೇ. ರೈಲ್ವೆ ಪಾಸ್ ಇದ್ದವರೂ ಸೀಟು ಬರೆಸಿಕೊಂಡೇ ಹತ್ತಬೇಕು. ದಾರಿ ಪೂರ್ತಿ ಹೊಳೆಯ ಪಕ್ಕದ ಬೆಟ್ಟದ ತಿರುವು, ಗಾಡಿ ತಿರುವಿನಲ್ಲಿ ವಾಲುತ್ತದೆ. ಘಾಟಿ ಬಸ್ಸಿನಲ್ಲಿ ತಲೆ ಸುತ್ತುವವರು ಹೊಟ್ಟೆ ತುಂಬ ತಿಂದು ಹತ್ತಬಾರದು. ಟೋಕಿಯೊದಿಂದ ನೇರ ಬರುವವರಿಗೆ ‘ಸನ್‌ರೈಸ್ ಇಝುಮೊ’ ಎಂಬ ರಾತ್ರಿ ರೈಲಿದೆ. ಓಕಯಾಮಾದಲ್ಲಿ ಅದು ಎರಡಾಗಿ ಕಳಚಿಕೊಂಡು ಅರ್ಧ ಬೇರೆ ಕಡೆ ಹೋಗುತ್ತದೆ, ಆದ್ದರಿಂದ ಬೋಗಿ ಯಾವುದೆಂದು ಹತ್ತುವ ಮೊದಲೇ ನೋಡಬೇಕು.

ಮತ್ಸುಎ ನಿಲ್ದಾಣದಿಂದ ಕೋಟೆಗೆ ಎರಡು ಕಿಲೊಮೀಟರ್ ಆಸುಪಾಸು. ಸಾಮಾನನ್ನು ನಿಲ್ದಾಣದ ಲಾಕರಿನಲ್ಲಿಟ್ಟು ‘ಲೇಕ್‌ಲೈನ್’ ಎಂಬ ಪ್ರವಾಸಿ ಬಸ್ಸು ಹಿಡಿಯಬಹುದು. ಈ ಬಸ್ಸು ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ. ಒಂದು ನಿಲ್ದಾಣ ಹಿಂದೆ ಹೋಗಬೇಕೆಂದು ಅದನ್ನೇ ಹತ್ತಿದರೆ ಊರೆಲ್ಲ ಸುತ್ತಿ ಬರಬೇಕಾದೀತು, ಆಗ ನಡೆದುಬಿಡುವುದೇ ಬೇಗ. ದುಡ್ಡು ಕೊಡುವುದು ಇಳಿಯುವಾಗ ಚಾಲಕನ ಪಕ್ಕದ ಡಬ್ಬಿಗೆ. ಚಿಲ್ಲರೆಯನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ಕೋಟೆ. ಈ ಸೀಮೆಯ ದೊರೆಮನೆತನದ ಹೊರಿಯೊ ಯೊಶಿಹಾರು 1607ರಲ್ಲಿ ಕೆಲಸ ಶುರುಮಾಡಿಸಿದ, 1611ರಲ್ಲಿ ಮುಗಿಯಿತು. ಶಿವಪ್ಪ ನಾಯಕನ ಕಾಲದ ನಮ್ಮ ಬೇಕಲ, ಚಂದ್ರಗಿರಿಗಳಿಗಿಂತ ಒಂದು ತಲೆಮಾರು ಹಿರಿದು. ಹಿಂದಿನ ರಾಜಧಾನಿ ತೊದಾ ಬೆಟ್ಟದ ಮೇಲಿನ ಕೋಟೆ, ಒಳನಾಡು. ವ್ಯಾಪಾರಕ್ಕೆ ನೀರಿನ ದಾರಿ ಬೇಕೆಂದು ಸರೋವರದ ದಂಡೆಗೆ ಇಳಿದರು. ಹಳೆಯ ಕೋಟೆಯ ಕೆಲವು ಮರಗಳನ್ನೂ ಬಿಚ್ಚಿ ತಂದು ಇಲ್ಲಿ ಬಳಸಿದ್ದಾರೆ. ಆರಿಸಿಕೊಂಡ ಜಾಗ ಜೌಗು. ಪಕ್ಕದ ಗುಡ್ಡದ ಏಣನ್ನು ಕಡಿದು ಕಂದಕ ಮಾಡಿದರು, ಕಡಿದ ಮಣ್ಣಿನಿಂದ ಜೌಗು ತುಂಬಿಸಿ ಪೇಟೆ ಎಬ್ಬಿಸಿದರು. ಆ ಕಂದಕಗಳಲ್ಲಿ ಹೆಚ್ಚಿನವು ಇಂದಿಗೂ ನೀರು ತುಂಬಿಕೊಂಡಿವೆ.

ಮುಂಬಾಗಿಲಿನ ಕಡೆಯಿಂದ ಒಳಹೋಗಿ. ಹೊಕ್ಕೊಡನೆ ನಾಲ್ಕೂ ಕಡೆ ಕಟ್ಟಿದ ಒಂದು ಚೌಕ ಅಂಗಳ. ದಾರಿ ನೇರ ಹೋಗದೆ ಥಟ್ಟನೆ ತಿರುಗುತ್ತದೆ. ಬೇಕಲದ ಬಾಗಿಲಿನಲ್ಲಿ ಅಂಕುಡೊಂಕಾಗಿ ಒಳಹೋಗಿಸುವ ಯುಕ್ತಿಯೇ ಇದು: ನುಗ್ಗಿದ ಶತ್ರುವಿನ ವೇಗ ಮುರಿದು ಮೂರು ಕಡೆಯಿಂದ ಹೊಡೆಯುವುದು. ಅಂಗಳ ದಾಟಿ ಏರುವಾಗ ಎಡಬಲದ ಕಲ್ಲುಕಟ್ಟನ್ನು ನಿಂತು ನೋಡಬೇಕು. ಗಾರೆ ಇಲ್ಲ. ಕೆಲವೆಡೆ ಕಲ್ಲನ್ನು ಗುಡ್ಡದಿಂದ ಬಂದ ಹಾಗೆಯೇ ಇಟ್ಟಿದ್ದಾರೆ, ಕೆಲವೆಡೆ ಮುಖ ತಟ್ಟಿ ಕೂಡಿಸಿದ್ದಾರೆ. ಕೆಲವು ಕಲ್ಲುಗಳ ಮೇಲೆ ತಕ್ಕಡಿಯ ಬಟ್ಟಿನಂಥ ಗುರುತು ಕೊರೆದಿದೆ, ಅದು ಹೊರಿಯೊ ಮನೆತನದ ಲಾಂಛನ. ಎದುರಿನ ದೊಡ್ಡ ಕಲ್ಲುಗಳ ಹಿಂದೆ ಸಣ್ಣ ಕಲ್ಲು, ಜಲ್ಲಿ ತುಂಬಿರುತ್ತಾರೆ. ಮಳೆನೀರು ಅದರಲ್ಲಿ ಇಳಿದು ಸಂದುಗಳಿಂದ ಹೊರಬರುವುದರಿಂದ ಹಿಂದಿನ ಮಣ್ಣು ಗೋಡೆಯನ್ನು ದೂಡುವುದಿಲ್ಲ. ನಮ್ಮಲ್ಲಿ ಆಟಿಯ ಮಳೆಗೆ ಹಿತ್ತಿಲ ಬರೆ ಕುಸಿದು ಕಾಂಪೌಂಡು ಗೋಡೆ ಮಗುಚುವುದು ಹಿಂದೆ ನೀರು ಕಟ್ಟಿಕೊಂಡೇ. ಸಿಮೆಂಟು ಮೆತ್ತಿ ಒಂದು ತೂತೂ ಬಿಡದ ಗೋಡೆಗಳಿಗೆ ಈ ಗತಿ ಮೊದಲು.

ತೆನ್ಶು ಕಪ್ಪಗಿದೆ. ಹಿಮೇಜಿಯ ಬಿಳಿ ಗಾರೆ ನೋಡಿ ಬಂದವರಿಗೆ ಮಂಕಾಗಿ ಕಂಡೀತು. ಗೋಡೆಯ ಬಹುಭಾಗಕ್ಕೆ ಕಪ್ಪು ಹಲಗೆ ಹೊದಿಸಿದ್ದಾರೆ, ಬೀಸುವ ಮಳೆಗೆ ಒಳಗಿನ ಮಣ್ಣುಗೋಡೆ ತೊಳೆದುಹೋಗದಿರಲಿ ಎಂದು. ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ಮಡಲ ತಟ್ಟಿ ಕಟ್ಟುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಮೊದಲ ನೋಟಕ್ಕೇ ಅರ್ಥವಾಗುತ್ತಿತ್ತು. ಹೊರಗಿನಿಂದ ಮಾಡುಗಳು ನಾಲ್ಕು, ಒಳಗೆ ಅಂತಸ್ತು ಐದು, ಕೆಳಗೆ ನೆಲಮಾಳಿಗೆ ಬೇರೆ. ಎತ್ತರ ಸುಮಾರು 30 ಮೀಟರ್. ತುದಿಯಲ್ಲಿ ಮೀನಿನಾಕಾರದ ಜೋಡಿ, ಮರದಲ್ಲಿ ಕೆತ್ತಿ ತಾಮ್ರದ ತಗಡು ಹೊದಿಸಿದ್ದು, ಎರಡು ಮೀಟರಿಗೂ ಎತ್ತರ. ಕೋಟೆಯ ಆವರಣಕ್ಕೆ ಟಿಕೆಟ್ ಇಲ್ಲ, ತೆನ್ಶುವಿಗೆ ಮಾತ್ರ. ಚಳಿಗಾಲದಲ್ಲಿ ಸಂಜೆ 5ಕ್ಕೇ ಮುಚ್ಚುತ್ತಾರೆ, ಅದಕ್ಕೆ ಅರ್ಧ ಗಂಟೆ ಮೊದಲೇ ಪ್ರವೇಶ ನಿಲ್ಲುತ್ತದೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ಹೋದವರಿಗೆ ಏಣಿಯಲ್ಲಿ ಎದುರಿನವರಿಗಾಗಿ ಕಾಯುವ ಕಷ್ಟವಿಲ್ಲ.

ಒಳಗೆ ಚಪ್ಪಲಿ, ಶೂ ಬಿಚ್ಚಬೇಕು. ಕಷ್ಟ ಶುರುವಾಗುವುದು ಅಲ್ಲೇ. ನೈಲಾನ್ ಕಾಲುಚೀಲ ನಾನ್ನೂರು ವರ್ಷ ತಿಕ್ಕಿಸಿಕೊಂಡ ಹಲಗೆಯ ಮೇಲೆ ಜಾರುತ್ತದೆ, ಸ್ಲಿಪ್ಪರ್ ಹಾಕಿಕೊಂಡರೆ ಮೆಟ್ಟಿಲಲ್ಲಿ ಕಳಚುತ್ತದೆ. ಅಡಿಯಲ್ಲಿ ರಬ್ಬರ್ ಚುಕ್ಕಿಗಳಿರುವ ದಪ್ಪ ಹತ್ತಿಯ ಕಾಲುಚೀಲ ಒಯ್ಯುವುದು ಒಳ್ಳೆಯದು, ಚಳಿಗಾಲದಲ್ಲಿ ಮರದ ನೆಲದ ಥಂಡಿಯನ್ನೂ ತಡೆಯುತ್ತದೆ. ಮೆಟ್ಟಿಲು ಎನ್ನುವುದಕ್ಕಿಂತ ಅಟ್ಟದ ಏಣಿ ಎನ್ನುವುದು ಸರಿ. ಸೀರೆ ಉಟ್ಟವರಿಗೆ, ಪಂಚೆಯವರಿಗೆ ಆಗದ ಕೆಲಸ. ಇಳಿಯುವಾಗ ಏಣಿಗೆ ಮುಖಮಾಡಿ, ಬೆನ್ನು ಹಿಂದಾಗಿ, ಎರಡೂ ಕೈಯಲ್ಲಿ ಹಿಡಿದು ಇಳಿಯಬೇಕು. ಚೀಲ ಬೆನ್ನಿಗೆ, ಕ್ಯಾಮೆರಾ ಚೀಲದೊಳಗೆ. ತೊಲೆಗಳು ತಗ್ಗು, ಎತ್ತರದವರು ತಲೆ ನೋಡಿಕೊಳ್ಳಬೇಕು. ಮೊಣಕಾಲು ನೋವಿನ ಹಿರಿಯರನ್ನು ಒತ್ತಾಯದಿಂದ ಹತ್ತಿಸುವುದು ಬೇಡ. ಕೆಳಗಿನ ಆವರಣದಲ್ಲಿ 1903ರಲ್ಲಿ ಮೆಯ್ಜಿ ಚಕ್ರವರ್ತಿ ಬರುತ್ತಾರೆಂದು ಕಟ್ಟಿದ ಪಾಶ್ಚಾತ್ಯ ಶೈಲಿಯ ಬಂಗಲೆಯಿದೆ. ಚಕ್ರವರ್ತಿ ಬರಲೇ ಇಲ್ಲ. ಈಗ ಅಲ್ಲಿ ಚಹಾ, ಕಾಫಿ ಕುಡಿಯುತ್ತ ಕೂರಬಹುದು.

ಏಣಿಗಳನ್ನೇ ಸ್ವಲ್ಪ ನೋಡಿ. ಒಂದರಿಂದ ನಾಲ್ಕನೇ ಅಂತಸ್ತಿನವರೆಗಿನವು ಕಿರಿ ಎಂಬ ಮರದವು. ಅಗಲ 1.6 ಮೀಟರ್, ಹಲಗೆಯ ದಪ್ಪ 10 ಸೆಂಟಿಮೀಟರ್. ಇಷ್ಟು ದಪ್ಪದ ಹಲಗೆ ನಮ್ಮ ಹಲಸಿನದೋ ತೇಗದ್ದೋ ಆಗಿದ್ದರೆ ನಾಲ್ಕಾಳು ಬೇಕಿತ್ತು. ಕಿರಿ ತೀರ ಹಗುರ, ಬೇಗ ಬೆಂಕಿ ಹತ್ತುವುದಿಲ್ಲ. ಶತ್ರು ಕೆಳಗೆ ಬಂದರೆ ಏಣಿಯನ್ನು ಮೇಲೆಳೆದುಕೊಳ್ಳುವುದು ಲೆಕ್ಕ.

ಕಂಬಗಳು ಒಟ್ಟು 308. ಅದರಲ್ಲಿ 130ಕ್ಕೆ ಸುತ್ತ ಹಲಗೆ ಹೊದಿಸಿ ಕಬ್ಬಿಣದ ಪಟ್ಟಿ, ಚಿಲಕಮೊಳೆ ಹೊಡೆದಿದ್ದಾರೆ. ಕೆಲವಕ್ಕೆ ನಾಲ್ಕೂ ಕಡೆ, ಕೆಲವಕ್ಕೆ ಒಂದೇ ಕಡೆ. ಕೆಳಗಿನಿಂದ ತುದಿಯವರೆಗೆ ಹೋಗುವ ಒಂದೇ ಕಂಬ ಇಲ್ಲಿಲ್ಲ. ಎರಡೆರಡು ಅಂತಸ್ತಿನ ಕಂಬಗಳನ್ನು ಒಂದರ ಮೇಲೊಂದು ಬಾರದಂತೆ ಸರಿಸಿ ಸರಿಸಿ ನಿಲ್ಲಿಸಿ ಭಾರವನ್ನು ಹೊರಗೆ ಹರಡಿದ್ದಾರೆ. ಎರಡನೇ ಅಂತಸ್ತಿನ ಅಂಚಿನ ನೆಲದಲ್ಲಿ ಕಲ್ಲು ಬೀಳಿಸುವ ಕಿಂಡಿಗಳಿವೆ, ಹೊರಗಿನಿಂದ ಕಾಣುವುದಿಲ್ಲ. ನೆಲಮಾಳಿಗೆಯಲ್ಲಿ ಬಾವಿ, ಮೊದಲು 24 ಮೀಟರ್ ಆಳವಿತ್ತು. ಉಳಿದುಬಂದಿರುವ ಹನ್ನೆರಡು ತೆನ್ಶುಗಳಲ್ಲಿ ಒಳಗೇ ಬಾವಿ ಇರುವುದು ಇದೊಂದರಲ್ಲಿ.

ಆ ನೆಲಮಾಳಿಗೆಯಲ್ಲಿ ಮುಕ್ಕಾಲುಪಾಲು ಜನ ನಿಲ್ಲದೆ ದಾಟಿಹೋಗುವ ಎರಡು ಕಂಬಗಳಿವೆ. ಅವುಗಳ ಮೊಳೆ ತೂತುಗಳನ್ನು ನೋಡಿ. ಕೋಟೆ ಕಟ್ಟಿದ ವರ್ಷಕ್ಕೆ ಗಟ್ಟಿ ದಾಖಲೆ ಇಲ್ಲವೆಂಬುದು ಮತ್ಸುಎಯ ಬಹುಕಾಲದ ಕೊರತೆಯಾಗಿತ್ತು. 1935ರಲ್ಲಿ ಹಳೆಯ ಕಾನೂನಿನಡಿ ಸಿಕ್ಕಿದ್ದ ರಾಷ್ಟ್ರೀಯ ನಿಧಿಯ ಪಟ್ಟ 1950ರ ಹೊಸ ಕಾನೂನಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿತು. 2012ರಲ್ಲಿ ಕೋಟೆಯೊಳಗಿನ ಮತ್ಸುಎ ದೇಗುಲದಲ್ಲಿ ಎರಡು ಪ್ರಾರ್ಥನಾ ಹಲಗೆಗಳು ಸಿಕ್ಕವು, ಮೇಲೆ ‘ಕೇಚೋ 16’ ಎಂದು ಬರೆದಿತ್ತು. ಆ ಹಲಗೆಗಳ ಮೊಳೆ ತೂತನ್ನು ನೆಲಮಾಳಿಗೆಯ ಕಂಬಗಳ ತೂತಿಗೆ ಹಿಡಿದು ನೋಡಿದರು, ಸರಿಯಾಗಿ ಕೂತಿತು. 1611 ಖಚಿತವಾಯಿತು; 2015ರ ಜುಲೈಯಲ್ಲಿ ಪಟ್ಟ ಮರಳಿ ಬಂತು. ಕೇಚೋ ಎಂಬುದು ಶಕೆಯ ಹೆಸರು, ಮೊದಲ ವರ್ಷ 1596. ಶಾಸನದ ಶಕವರ್ಷಕ್ಕೆ 78 ಕೂಡಿಸಿ ರೂಢಿಯಿರುವ ನಮ್ಮವರಿಗೆ ಇದು ಸುಲಭ: ಶಕೆಯ ಮೊದಲ ವರ್ಷಕ್ಕೆ ಅಂಕೆ ಕೂಡಿಸಿ ಒಂದು ಕಳೆದರೆ ಇಸವಿ ಸಿಗುತ್ತದೆ. ಕ್ಯೋಹೋ 1716ಕ್ಕೆ ಶುರು, ಆದ್ದರಿಂದ ಕ್ಯೋಹೋ 18 ಎಂದರೆ 1733. ಊರಿನ ಫಲಕಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಈ ಕಟ್ಟಡ ಉಳಿದದ್ದೂ ಕೂದಲೆಳೆಯಲ್ಲಿ. 1875ರಲ್ಲಿ ಹರಾಜಿಗೆ ಬಂತು, ತೆನ್ಶುವಿನ ಬೆಲೆ 180 ಯೆನ್. ಕತ್ಸುಬೆ ಮೊತೊಎಮೊನ್ ಎಂಬ ಸಿರಿವಂತ ರೈತ, ತಕಾಗಿ ಗೊಂಪಾಚಿ ಎಂಬ ಹಳೆಯ ಸಮುರಾಯ್ ಅಷ್ಟು ದುಡ್ಡು ಹೊಂದಿಸಿ ತಡೆದರು. ಉಳಿದ ಕಟ್ಟಡಗಳೆಲ್ಲ ಕೆಲವೇ ಯೆನ್‌ಗೆ ಮಾರಿಹೋದವು. ಈಗ ಕಾಣುವ ಕಾವಲುಮನೆಗಳು ಈಚೆಗೆ ಹಳೆಯ ಮಾದರಿಯಲ್ಲಿ ಕಟ್ಟಿದವು. ತೆನ್ಶುವನ್ನು ಕೂಡ 1950–55ರಲ್ಲಿ ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ಮರದ ಕಟ್ಟಡದಲ್ಲಿ ‘ಅಸಲಿ’ ಎಂದರೆ ಹೀಗೆಯೇ. ಗುತ್ತಿನ ಮನೆಯ ಮಾಡು ಬಿಚ್ಚಿ ಹುಳ ಹಿಡಿದ ಪಕ್ಕಾಸು ಬದಲಿಸಿದರೆ ಮನೆ ಹೊಸದಾಗುವುದಿಲ್ಲವಷ್ಟೆ.

ಹತ್ತಿದ ದಾರಿಯಲ್ಲೇ ಹಿಂದಿರುಗಬೇಡಿ. ಉತ್ತರಕ್ಕೆ ಇಳಿದರೆ ಮರಗಳ ನೆರಳಲ್ಲಿ ಕಲ್ಲಿನ ನರಿಗಳು ತುಂಬಿದ, ಇನಾರಿ ಎಂಬ ದೇವರ ಗುಡಿ, ಅದರಾಚೆ ಕಂದಕ, ಕಂದಕದಾಚೆ ಶಿಯೊಮಿ ನವಾತೆ ಬೀದಿ. ಅರ್ಧ ಕಿಲೊಮೀಟರಿನಷ್ಟೇ ಇರುವ ಈ ಬೀದಿಯಲ್ಲಿ ಮಧ್ಯಮ ದರ್ಜೆಯ ಸಮುರಾಯ್‌ಗಳಿದ್ದರು. 1733ರ ಬೆಂಕಿಯ ಬಳಿಕ ಮತ್ತೆ ಕಟ್ಟಿದ ಒಂದು ಮನೆಯನ್ನು ನೋಡಲು ತೆರೆದಿಟ್ಟಿದ್ದಾರೆ. ಹೆಚ್ಚಾಗಿ ಹೊರಗಿನಿಂದ ಸುತ್ತುಹಾಕುತ್ತಲೇ ನೋಡುವುದು. ಅತಿಥಿ ಬರುವ ಮುಂಭಾಗದ ಕಂಬ, ಸೂರು ಒಂದು ತರಹ. ಮನೆಯವರು ಉಂಡು ಮಲಗುವ ಹಿಂಭಾಗದ್ದು ಇನ್ನೊಂದು, ಅಗ್ಗದ ಮರ, ಸಾದಾ ಕೆಲಸ. ಚಾವಡಿಗೆ ಕೆತ್ತನೆ, ಅಡುಗೆಮನೆಗೆ ಹೊಗೆ ಹಿಡಿದ ಗಳು ಎಂಬ ನಮ್ಮ ಲೆಕ್ಕಕ್ಕೂ ಅದಕ್ಕೂ ದೂರವಿಲ್ಲ.

ಅದೇ ಬೀದಿಯಲ್ಲಿ ಲಾಫ್ಕಾಡಿಯೊ ಹರ್ನ್ 1891ರಲ್ಲಿ ಕೆಲವು ತಿಂಗಳು ಬಾಡಿಗೆಗಿದ್ದ ಮನೆ. 1890ರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಬಂದು, ಈ ಊರಿನ ಸೆತ್ಸು ಎಂಬವರನ್ನು ಮದುವೆಯಾಗಿ, 1896ರಲ್ಲಿ ಕೊಯಿಝುಮಿ ಯಾಕುಮೊ ಎಂಬ ಹೆಸರಿನಲ್ಲಿ ಜಪಾನಿ ಪ್ರಜೆಯಾದ ಬರಹಗಾರ. ಒಂದು ಕಣ್ಣಿಲ್ಲ, ಇನ್ನೊಂದು ಮಂದ. ಪಕ್ಕದ ಸಂಗ್ರಹಾಲಯದಲ್ಲಿ ಅವರ ಮೇಜಿದೆ, ಕಾಗದ ಕಣ್ಣಿಗೆ ಹತ್ತಿರವಾಗಲೆಂದು ವಿಪರೀತ ಎತ್ತರ ಮಾಡಿಸಿದ್ದು.

ಬೀದಿಗಳನ್ನೂ ಗಮನಿಸಿ. ಹಳೆಯ ಭಾಗದಲ್ಲಿ ರಸ್ತೆ ನೇರ ಹೋಗುತ್ತಿದ್ದಂತೆ ಸುತ್ತಿಗೆಯ ಮೂಲೆಯಂತೆ ಮಡಚಿಕೊಳ್ಳುತ್ತದೆ, ಕೂಡುರಸ್ತೆಗಳು ಎದುರುಬದುರಾಗದೆ ಸ್ವಲ್ಪ ಸರಿದಿರುತ್ತವೆ. ದೂರದಿಂದ ಕೋಟೆ ಕಾಣಬಾರದು, ಕುದುರೆ ನಾಗಾಲೋಟದಲ್ಲಿ ಬರಬಾರದು. ಮೊಬೈಲ್ ನಕ್ಷೆ ನೋಡುತ್ತ ನಡೆಯುವವರಿಗೆ ಈಗಲೂ ಅದು ಕಾಟವೇ. ವ್ಯಾಪಾರಿಗಳು ದಕ್ಷಿಣಕ್ಕೆ, ಬೌದ್ಧ ಮಂದಿರಗಳ ಸಾಲು ಇನ್ನೂ ದಕ್ಷಿಣದ ಅಂಚಿಗೆ. ಮುತ್ತಿಗೆಯಾದರೆ ಅವುಗಳ ಅಂಗಳವೇ ಸೈನ್ಯದ ಬೀಡು.

ದೋಣಿಯನ್ನು ಬಿಡಬಾರದು. ಕಂದಕದಲ್ಲಿ ಸುಮಾರು 3.7 ಕಿಲೊಮೀಟರ್ ಸುತ್ತು, 50 ನಿಮಿಷ. ಊರನ್ನು ಬಿಡಿಸಿದ ಗೆರೆ ನೀರಿನಿಂದ ನೋಡಿದಾಗಲೇ ತಿಳಿಯುವುದು. ನಾಲ್ಕು ಸೇತುವೆಗಳು ಎಷ್ಟು ತಗ್ಗೆಂದರೆ ದೋಣಿಯ ಮಾಡನ್ನೇ ಯಂತ್ರದಿಂದ ಕೆಳಗಿಳಿಸುತ್ತಾರೆ, ಕೂತವರೆಲ್ಲ ನೆಲಕ್ಕೆ ಬಗ್ಗಬೇಕು. ಹೊರಡುವ ಮೊದಲು ಒಮ್ಮೆ ಅಭ್ಯಾಸ ಮಾಡಿಸುತ್ತಾರೆ. ಶೂ ಬಿಚ್ಚಿ ನೆಲದಲ್ಲೇ ಕೂರುವುದು, ಕುರ್ಚಿ ಇಲ್ಲ. ಸೊಂಟನೋವಿನವರಿಗೆ ಇದು ತೆನ್ಶುವಿನ ಏಣಿಗಿಂತ ಕಷ್ಟವಾಗಬಹುದು. ಚಳಿಗಾಲದಲ್ಲಿ ಕಂಬಳಿ ಹೊದಿಸಿದ ಬಿಸಿಮೇಜಿನೊಳಗೆ ಕಾಲು ಚಾಚಬಹುದು. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ, ಆದ್ದರಿಂದ ಸಂಜೆಗೆಂದು ಉಳಿಸದೆ ಸಿಕ್ಕಾಗ ಹತ್ತಿಬಿಡಿ.

ಊಟದ ಮಾತು. ಊರಿನ ಹೆಸರುವಾಸಿ ತಿನಿಸು ಇಝುಮೊ ಸೊಬಾ: ಮೂರು ದುಂಡು ಮರದ ಬಟ್ಟಲುಗಳಲ್ಲಿ ಬರುವ ಕಂದು ಶಾವಿಗೆ. ಮೇಲಿನ ಬಟ್ಟಲಿಗೆ ಸಾರು ಸುರಿದು ತಿಂದು, ಉಳಿದ ಸಾರನ್ನು ಎರಡನೆಯದಕ್ಕೆ ಬಗ್ಗಿಸಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಎಚ್ಚರಿಕೆ: ಮೇಲೆ ಮೀನು ಕಾಣದಿದ್ದರೂ ಸಾರು ಒಣಮೀನಿನದೇ. ‘ಮೀನು ಬೇಡ’ ಎಂದರೆ ಸಾಮಾನ್ಯವಾಗಿ ತುಂಡು ತೆಗೆಯುತ್ತಾರೆ, ಸಾರು ಬದಲಾಗುವುದಿಲ್ಲ. ಅವಲಕ್ಕಿ, ಚಟ್ನಿಪುಡಿ ಜತೆಗಿರಲಿ. ಹಣ್ಣು, ಹಸಿ ತರಕಾರಿ ಒಯ್ದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಸಿಹಿಯಲ್ಲಿ ಮಾತ್ರ ತೊಂದರೆಯಿಲ್ಲ. ಹೊರಿಯೊಗಳ ನಂತರ ಇಲ್ಲಿ ಆಳಿದ ಮತ್ಸುದಾಯಿರಾ ಮನೆತನದ ಏಳನೆಯ ದೊರೆ ಫುಮಾಯಿ ಚಹಾದ ಮರುಳ. 1779ರಲ್ಲಿ ಆತ ಕಟ್ಟಿಸಿದ ಹುಲ್ಲುಮಾಡಿನ ಪುಟ್ಟ ಚಹಾಮನೆ ಮೇಮೇ-ಆನ್ ಈಗ ಶಿಯೊಮಿ ನವಾತೆಯ ಹಿಂದಿನ ದಿಬ್ಬದ ಮೇಲಿದೆ. ಅಕ್ಕಿಹಿಟ್ಟು, ಸಕ್ಕರೆಯ ಮಿಠಾಯಿ ಮೊದಲು, ಕಹಿ ಹಸಿರು ಚಹಾ ಆಮೇಲೆ. ದಿಬ್ಬದಿಂದ ಮರಗಳ ಮೇಲೆ ತೆನ್ಶು ಕಾಣುತ್ತದೆ.

ಹೊತ್ತು ಉಳಿದರೆ ಪಡುವಣಕ್ಕೆ ನಡೆದು ಗೆಶ್ಶೋಜಿ ಎಂಬ ಬೌದ್ಧ ಮಂದಿರಕ್ಕೆ ಹೋಗಿ. ಮತ್ಸುದಾಯಿರಾ ದೊರೆಗಳ ಸಮಾಧಿಗಳು, ಕಲ್ಲುಹಲಗೆ ಹೊತ್ತ ದೊಡ್ಡ ಆಮೆ, ಜೂನ್‌ನಲ್ಲಿ ನೀಲಿ ಹೈಡ್ರೇಂಜಿಯಾ. ಸೂರ್ಯ ಮುಳುಗುವ ಹೊತ್ತಿಗೆ ಸರೋವರದ ಪೂರ್ವ ದಡ ತಲುಪಬೇಕು, ಒಂದು ಚಿಕ್ಕ ದ್ವೀಪದ ಪೈನ್ ಮರಗಳ ಹಿಂದೆ ಇಳಿಯುತ್ತದೆ. ಬೇಕಲದ ಬುರುಜಿನಿಂದ ನೋಡಿದವರಿಗೆ ಹೋಲಿಸಿ ನೋಡುವ ಹಕ್ಕಿದೆ.

ಸಂಪಾದಕರಲ್ಲಿ ನಮ್ಮ ಕೋರಿಕೆ ಎರಡೇ. ಮುಂದಿನ ಪುರವಣಿಯಲ್ಲಿ ಒಸಾಕಾಕ್ಕೆ 1931, ನಗೋಯಾಕ್ಕೆ 1959 ಎಂಬ ತಿದ್ದುಪಡಿ ಹಾಕಿ. ಮತ್ತು ಲೇಖನದ ಮೂರನೆಯ ಚಿತ್ರದ ಅಡಿಬರಹ ‘ಹಿಮೇಜಿ’ ಎಂದಿದೆ. ಹಿಮೇಜಿಯ ಗೋಡೆಗೆ ಕಪ್ಪು ಹಲಗೆ ಇಲ್ಲ.

— ಕೋಟೆ ನೋಡುವ ಹವ್ಯಾಸದ ಓದುಗರು, ಕಾಸರಗೋಡು